ಎಸ್‌ವಿಜಿಝಡ್ ಫೈಲನ್ನು ಜೆಪಿಜಿ ಮಾಡಿದರೆ ಹಿಂದೆ ಕಪ್ಪು, ಕನ್ನಡ ಅಕ್ಷರ ಮಾಯ, ಕೆಂಪು ಕಲಸಿ ಹೋಗುವುದು ಯಾಕೆ?

ಸುರತ್ಕಲ್_ಕಡಲು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಉಂಟು, ಗೊತ್ತಿದ್ದವರು ದಯವಿಟ್ಟು ಹೇಳಿ.

ನಮ್ಮ ಊರಿನ ಹವ್ಯಾಸಿ ಯಕ್ಷಗಾನ ತಂಡದ ವಾರ್ಷಿಕ ಬಯಲಾಟಕ್ಕೆ ಒಂದು ಪೋಸ್ಟರ್ ಮಾಡಿಸಿದ್ದೇವೆ. ತಂಡದಲ್ಲಿ ಚೆಂಡೆ ಬಾರಿಸುವವರ ತಂಗಿ ಬಿಡಿಸಿ ಕೊಟ್ಟದ್ದು. ತೆಂಕುತಿಟ್ಟಿನ ಬಣ್ಣದ ವೇಷದ ಮುಖ, ಕೆಂಪು ಮತ್ತು ಕಪ್ಪು ಗೆರೆಗಳು, ಅದರ ಮೇಲೆ ಚುಟ್ಟಿಯ ಸಣ್ಣ ಸಣ್ಣ ಬಿಳಿ ಮುಳ್ಳುಗಳು. ಅವಳ ಲ್ಯಾಪ್‌ಟಾಪ್‌ನಲ್ಲಿ ನೋಡಿದಾಗ ಮುಖ ಎದ್ದು ಬರುವ ಹಾಗೆ ಇತ್ತು. ಅಷ್ಟು ಚಂದ.

ಅವಳು ಕಳಿಸಿದ ಫೈಲಿನ ಹೆಸರಿನ ಕೊನೆಯಲ್ಲಿ ಎಸ್‌ವಿಜಿಝಡ್ ಅಂತ ಉಂಟು. ಬರೀ 380 ಕೆಬಿ. ವಾಟ್ಸಾಪ್‌ನಲ್ಲಿ ಫೋಟೋದ ಹಾಗೆ ಕಾಣುವುದಿಲ್ಲ, ನನ್ನ ಮೊಬೈಲ್‌ನಲ್ಲಿ ತೆರೆಯುವುದೂ ಇಲ್ಲ. ಫ್ಲೆಕ್ಸ್ ಅಂಗಡಿಯವರು "ಜೆಪಿಜಿ ಕೊಡಿ" ಅಂದರು. ನಾನು ಆನ್‌ಲೈನ್‌ನಲ್ಲಿ ಸಿಕ್ಕಿದ ಒಂದು ಕನ್ವರ್ಟರಿಗೆ ಹಾಕಿ ಜೆಪಿಜಿ ಮಾಡಿದೆ. ಬಂದದ್ದು ನೋಡಿ ಬೇಜಾರಾಯಿತು.

ಹಿಂದೆ ಖಾಲಿ ಇದ್ದ ಜಾಗ ಪೂರ್ತಿ ಕಪ್ಪಾಗಿದೆ, ಹಾಗಾಗಿ ಕಪ್ಪು ಗೆರೆ ಯಾವುದೂ ಕಾಣುವುದಿಲ್ಲ. ಮೇಲಿನ ಕನ್ನಡ ತಲೆಬರಹದ ಜಾಗದಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಕೆಳಗೆ ದಿನಾಂಕ, ಸಮಯ ಬರೆದ ಸಾಲು ಕನ್ನಡದಲ್ಲೇ ಉಂಟು, ಆದರೆ ಒತ್ತಕ್ಷರ ಬಿಟ್ಟು ಹೋಗಿ ‘ಯಕ್‌ಷಗಾನ’ ಅಂತ ಓದಿದ ಹಾಗೆ ಆಗಿದೆ. ಕೆಂಪು ಗೆರೆಯ ಅಂಚು ನೀರು ಬಿದ್ದ ಹಾಗೆ ಹರಡಿದೆ. ಚುಟ್ಟಿಯ ಸುತ್ತ ಧೂಳು ಧೂಳು. ಚಿತ್ರದ ಅಳತೆ 794 × 1123 ಪಿಕ್ಸೆಲ್ ಅಂತ ತೋರಿಸುತ್ತದೆ.

ಅವಳಿಗೆ ಈಗ ಪರೀಕ್ಷೆ ನಡೆಯುತ್ತಿದೆ, ಪದೇ ಪದೇ ತೊಂದರೆ ಕೊಡಲಿಕ್ಕೆ ಮನಸ್ಸಿಲ್ಲ. ಅವಳು ಕೈಯಾರೆ ಎಳೆದ ಒಂದೊಂದು ಗೆರೆಯೂ ಜನರಿಗೆ ಸರಿಯಾಗಿ ಕಾಣಬೇಕು ಅಂತ ನನಗೆ ಆಸೆ. ಎಂತ ಮಾಡಬೇಕು?


ಕದ್ರಿಗುಡ್ಡೆ:

ಬೇಜಾರು ಮಾಡುವುದು ಬೇಡ ಮಾರಾಯ್ರೆ, ಮೂಲ ಫೈಲ್ ನಿಮ್ಮ ಕೈಯಲ್ಲಿ ಉಂಟಲ್ಲ, ಒಂದು ಗೆರೆಯೂ ಹೋಗಿಲ್ಲ. ನೀವು ಹೇಳಿದ ಒಂದೊಂದು ತೊಂದರೆಗೂ ಬೇರೆ ಬೇರೆ ಕಾರಣ. ಒಂದೇ ರೋಗ ಅಂತ ತಿಳಿದು ಮದ್ದು ಹುಡುಕಿದರೆ ಸಿಗುವುದಿಲ್ಲ.

ಮೊದಲು ಫೈಲ್ ಎಂತದ್ದು ಅಂತ ನೋಡುವ. ಎಸ್‌ವಿಜಿ ಒಳಗೆ ಇರುವುದು ಬರೀ ಬರಹ. ಇಲ್ಲಿಂದ ಇಲ್ಲಿಗೆ ಗೆರೆ ಎಳೆ, ಇಷ್ಟು ದಪ್ಪ ಇರಲಿ, ಒಳಗೆ ಕೆಂಪು ತುಂಬು, ಹೀಗೆ ಎಕ್ಸ್‌ಎಂಎಲ್‌ನಲ್ಲಿ ಬರೆದಿಟ್ಟ ಪಟ್ಟಿ. 2001ರಲ್ಲಿ ಇದರ ಮೊದಲ ಮಾನದಂಡ ಬಂದದ್ದು. ಬರಹ ಆದದ್ದರಿಂದ ಚೆನ್ನಾಗಿ ಒತ್ತಬಹುದು. ಜಿಝಿಪ್ ಅಂತ ಫೈಲ್ ಒತ್ತಿ ಸಣ್ಣದು ಮಾಡುವ ವಿಧಾನ ಉಂಟು, ಅದರಿಂದ ಒತ್ತಿ ಕಟ್ಟಿದರೆ ಅದೇ ಎಸ್‌ವಿಜಿಝಡ್, ಕೊನೆಯ ಝಡ್ ಅಲ್ಲಿಂದ ಬಂತು. ಇದನ್ನು ಬಿಚ್ಚಿದರೆ ಒಂದು ಅಕ್ಷರವೂ ಕಮ್ಮಿ ಆಗದೆ ಮೊದಲಿದ್ದ ಹಾಗೆಯೇ ಸಿಗುತ್ತದೆ. ಆದ್ದರಿಂದ ನಿಮ್ಮ 380 ಕೆಬಿ ನೋಡಿ ಗುಣಮಟ್ಟ ಕಮ್ಮಿ ಅಂತ ಹೆದರಬೇಡಿ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಹುಚ್ಚುಚ್ಚು ಚಿಹ್ನೆ ಕಾಣುತ್ತದೆ, ಅದು ಹಾಳಾದದ್ದಲ್ಲ, ಕಟ್ಟು ಬಿಚ್ಚಿಲ್ಲ ಅಷ್ಟೇ. ನಷ್ಟ ಆಗುವುದು ಮುಂದಿನ ಎರಡು ಕಡೆ: ಗೆರೆಯನ್ನು ಪಿಕ್ಸೆಲ್ ಮಾಡುವಾಗ ಒಮ್ಮೆ, ಪಿಕ್ಸೆಲ್ಲನ್ನು ಜೆಪಿಜಿ ಮಾಡುವಾಗ ಇನ್ನೊಮ್ಮೆ.

ಈಗ ಅಳತೆ. 794 × 1123 ಅಂದ ಕೂಡಲೇ ಗೊತ್ತಾಯಿತು, ಅದು ಎ4 ಹಾಳೆಯನ್ನು ಇಂಚಿಗೆ 96 ಪಿಕ್ಸೆಲ್‌ನಂತೆ ಮಾಡಿದ್ದು. ನೀವು ಅಳತೆ ಹೇಳಲಿಲ್ಲ, ಕನ್ವರ್ಟರ್ ತನಗೆ ಗೊತ್ತಿದ್ದ ಲೆಕ್ಕ ಹಿಡಿಯಿತು. ಅದೇ ಎ4ಗೆ 300 ಡಿಪಿಐ, ಅಂದರೆ ಇಂಚಿಗೆ 300 ಪಿಕ್ಸೆಲ್ ಕೊಟ್ಟರೆ 2480 × 3508 ಬರುತ್ತದೆ. ಚುಟ್ಟಿಯ ಮುಳ್ಳು ಒಂದೂವರೆ ಪಿಕ್ಸೆಲ್ ದಪ್ಪ ಇದ್ದದ್ದು ಐದು ಪಿಕ್ಸೆಲ್‌ನ ಹತ್ತಿರ ಬರುತ್ತದೆ. ಈಗ ಇರುವ ಜೆಪಿಜಿಯನ್ನು ಫೋಟೋಶಾಪ್‌ನಲ್ಲಿ ಹಿಗ್ಗಿಸಿದರೆ ಮಾತ್ರ ಏನೂ ಪ್ರಯೋಜನ ಇಲ್ಲ, ಮಸುಕು ದೊಡ್ಡದಾಗುತ್ತದೆ ಅಷ್ಟೇ. ಯಾವಾಗಲೂ ಎಸ್‌ವಿಜಿಝಡ್‌ನಿಂದಲೇ ಹೊಸತಾಗಿ ತೆಗೆಯಿರಿ.

ಕಪ್ಪು ಬಂದದ್ದು ಹೇಗೆಂದರೆ, ಚಿತ್ರದಲ್ಲಿ ಹಿನ್ನೆಲೆ ಬಿಳಿ ಇರಲೇ ಇಲ್ಲ, ಅಲ್ಲಿ ಏನೂ ಇರಲಿಲ್ಲ, ಪಾರದರ್ಶಕ. ಪಿಎನ್‌ಜಿಗೆ ಪಾರದರ್ಶಕ ಅಂದರೆ ಗೊತ್ತು. ಜೆಪಿಜಿಗೆ ಆ ಕಲ್ಪನೆಯೇ ಇಲ್ಲ, ಪ್ರತಿ ಪಿಕ್ಸೆಲ್‌ಗೂ ಒಂದು ಬಣ್ಣ ಬೇಕೇ ಬೇಕು. ಏನೂ ಇಲ್ಲದ ಪಿಕ್ಸೆಲ್‌ನ ಕೆಂಪು, ಹಸಿರು, ನೀಲಿ ಮೂರೂ ಸಾಮಾನ್ಯವಾಗಿ ಸೊನ್ನೆ ಇರುತ್ತದೆ. ಮೂರು ಸೊನ್ನೆ ಅಂದರೆ ಕಪ್ಪು.

ಮಾಡುವುದು ಹೀಗೆ. ಎಸ್‌ವಿಜಿ ಚಿತ್ರ ಬಿಡಿಸುವ, ತಿದ್ದುವ ಇಂಕ್‌ಸ್ಕೇಪ್ ಸಾಫ್ಟ್‌ವೇರ್ ಹಾಕಿಕೊಳ್ಳಿ, ಉಚಿತ. ಅದು ಎಸ್‌ವಿಜಿಝಡ್ಡನ್ನು ನೇರವಾಗಿ ತೆರೆಯುತ್ತದೆ, ನೀವು ಬಿಚ್ಚಬೇಕಾಗಿಲ್ಲ. ಎಲ್ಲಕ್ಕಿಂತ ಕೆಳಗಿನ ಪದರದಲ್ಲಿ ಪೇಜಿನಷ್ಟು ದೊಡ್ಡ ಬಿಳಿ ಆಯತ ಹಾಕಿ, ಕೆನೆ ಬಣ್ಣ ಬೇಕಾದರೆ ಕೆನೆ. ಆಮೇಲೆ ಎಕ್ಸ್‌ಪೋರ್ಟ್‌ನಲ್ಲಿ ‘ಪೇಜ್’ ಆರಿಸಿ, ಡಿಪಿಐ 300 ಕೊಟ್ಟು, ಮೊದಲು ಪಿಎನ್‌ಜಿ ತೆಗೆಯಿರಿ. ಜೆಪಿಜಿ ಕೊನೆಯ ಹೆಜ್ಜೆ, ಒಂದೇ ಸಲ.


ಮಣಿಪಾಲ_ಮಳೆ:

ಕದ್ರಿಗುಡ್ಡೆಯವರು ಹೇಳಿದ್ದು ಸರಿ. ನಾನು ಅಕ್ಷರದ ವಿಷಯ ಮತ್ತು ಕೆಂಪಿನ ವಿಷಯ ಹೇಳುತ್ತೇನೆ. ಆಮಂತ್ರಣ, ಪೋಸ್ಟರ್ ಅಂತ ದಿನಾ ಇದೇ ಕೆಲಸ ನನಗೆ, ಈ ಎರಡರಲ್ಲಿ ತುಂಬಾ ಪೆಟ್ಟು ತಿಂದಿದ್ದೇನೆ.

ಎಸ್‌ವಿಜಿಯೊಳಗೆ ಅಕ್ಷರದ ಆಕಾರ ಇರುವುದಿಲ್ಲ, ಅಕ್ಷರ ಮತ್ತು ಫಾಂಟಿನ ಹೆಸರು ಮಾತ್ರ ಇರುತ್ತದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಹೋದರೆ ಅದು ಕೈಗೆ ಸಿಕ್ಕಿದ ಬೇರೆ ಫಾಂಟ್ ಹಾಕುತ್ತದೆ. ನಿಮ್ಮ ತಲೆಬರಹ ಬಹುಶಃ ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ, ಯೂನಿಕೋಡ್ (ಕನ್ನಡಕ್ಕೆ ಅದರದ್ದೇ ಸಂಕೇತ ಇರುವ ಪದ್ಧತಿ) ಅಲ್ಲದ ಫಾಂಟ್‌ನಲ್ಲಿ ಉಂಟು. ಆ ಫಾಂಟ್‌ಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜಾಗದಲ್ಲಿ ಕೂರಿಸಿರುತ್ತಾರೆ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಅಡಿಯಲ್ಲಿದ್ದ ಇಂಗ್ಲಿಷ್ ಎದ್ದು ಬರುತ್ತದೆ. ದಿನಾಂಕದ ಸಾಲು ಯೂನಿಕೋಡ್, ಅದಕ್ಕೇ ಕನ್ನಡ ಉಳಿಯಿತು. ಆದರೆ ಯೂನಿಕೋಡ್‌ನಲ್ಲಿ ‘ಕ್ಷ’ ಅಂದರೆ ಕ, ವಿರಾಮ, ಷ ಅಂತ ಮೂರು ಬೇರೆ ಬೇರೆ ಸಂಕೇತ. ಅವನ್ನು ಸೇರಿಸಿ ಒತ್ತು ಕಟ್ಟುವ ಕೆಲಸ ಚಿತ್ರ ಬಿಡಿಸುವ ಸಾಫ್ಟ್‌ವೇರಿನದ್ದು. ಆ ಕನ್ವರ್ಟರಿಗೆ ಅದು ಬರುವುದಿಲ್ಲ. ಇಂಕ್‌ಸ್ಕೇಪ್‌ಗೆ ಬರುತ್ತದೆ, ಹಾಗಾಗಿ ಅಲ್ಲಿ ತೆರೆದ ಕೂಡಲೇ ದಿನಾಂಕ ಸರಿಯಾಗಬೇಕು. ತಲೆಬರಹಕ್ಕೆ ಮಾತ್ರ ಫಾಂಟ್ ಬೇಕೇ ಬೇಕು.

ಅವಳಿಗೆ ಒಂದೇ ಒಂದು ಮೆಸೇಜ್ ಮಾಡಿ. ಅಕ್ಷರಗಳನ್ನೆಲ್ಲ ಆರಿಸಿ ಪಾತ್ ಮೆನುವಿನಲ್ಲಿ ‘ಆಬ್ಜೆಕ್ಟ್ ಟು ಪಾತ್’ ಕೊಟ್ಟು ಇನ್ನೊಂದು ಹೆಸರಿನಲ್ಲಿ ಸೇವ್ ಮಾಡಿ ಕಳಿಸು ಅಂತ. ಅವಳಿಗೆ ಎರಡು ನಿಮಿಷದ ಕೆಲಸ. ಆಗ ಅಕ್ಷರವೂ ಗೆರೆಯೇ ಆಗುತ್ತದೆ, ಯಾವ ಕಂಪ್ಯೂಟರಿನಲ್ಲೂ ಬದಲಾಗುವುದಿಲ್ಲ. ಆದರೆ ಅದನ್ನು ಮತ್ತೆ ತಿದ್ದಲಿಕ್ಕೆ ಆಗುವುದಿಲ್ಲ. ಆದ್ದರಿಂದ ಅಕ್ಷರ ಇರುವ ಮೂಲ ಫೈಲ್ ಅಳಿಸಲೇಬಾರದು, ಅವಳಿಗೂ ಹೇಳಿ.

ಇನ್ನು ಕೆಂಪು. ಇದು ನನಗೆ ತುಂಬಾ ಇಷ್ಟದ ವಿಷಯ, ಸ್ವಲ್ಪ ಉದ್ದ ಆದರೂ ಓದಿ.

ಜೆಪಿಜಿ ಚಿತ್ರವನ್ನು 8 × 8 ಪಿಕ್ಸೆಲ್‌ನ ಚೌಕಗಳಾಗಿ ಕತ್ತರಿಸುತ್ತದೆ. ಒಂದೊಂದು ಚೌಕದ 64 ಸಂಖ್ಯೆಗಳನ್ನು ಅಲೆಗಳ ಲೆಕ್ಕಕ್ಕೆ ತರುತ್ತದೆ, ನಿಧಾನ ಏರಿಳಿತ ಎಷ್ಟು, ಚುರುಕು ಏರಿಳಿತ ಎಷ್ಟು ಅಂತ. ಆಮೇಲೆ ಚುರುಕಿನವನ್ನು ದೊಡ್ಡ ಸಂಖ್ಯೆಯಿಂದ ಭಾಗಿಸಿ ದಶಾಂಶ ಬಿಟ್ಟುಬಿಡುತ್ತದೆ. ಹೆಚ್ಚಿನವು ಸೊನ್ನೆ ಆಗಿ ಫೈಲ್ ಸಣ್ಣದಾಗುತ್ತದೆ. ಆಕಾಶ, ಸಮುದ್ರ, ಮುಖದ ಫೋಟೋ ಆದರೆ ಇದರಿಂದ ಏನೂ ಗೊತ್ತಾಗುವುದಿಲ್ಲ. ಆದರೆ ಬಿಳಿ ಪಕ್ಕದಲ್ಲೇ ಕಪ್ಪು ಇರುವ ಚೂಪು ಅಂಚು ನಿಲ್ಲುವುದೇ ಆ ಚುರುಕು ಅಲೆಗಳ ಮೇಲೆ. ಅವನ್ನು ತೆಗೆದರೆ ಅಂಚಿನ ಸುತ್ತ ಅಲೆ ಅಲೆಯಾಗಿ ಕೊಳೆ ಕಾಣುತ್ತದೆ, ನಿಮ್ಮ ಚುಟ್ಟಿಯ ಸುತ್ತಲಿನ ಧೂಳು ಅದೇ. ಈ ಅಲೆಗಳ ಲೆಕ್ಕಕ್ಕೆ ಡಿಸಿಟಿ ಅಂತ ಹೆಸರು. ಅದನ್ನು 1974ರಲ್ಲಿ ಇನ್ನಿಬ್ಬರ ಜೊತೆ ಸೇರಿ ಪ್ರಕಟಿಸಿದ ನಾಸಿರ್ ಅಹ್ಮದ್ ನಮ್ಮ ಬೆಂಗಳೂರಿನಲ್ಲಿ ಹುಟ್ಟಿ ಅಲ್ಲೇ ಯುವಿಸಿಇ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು. ದಿನಾ ಎಷ್ಟು ಫೋಟೋ ಕಳಿಸುತ್ತೇವೆ, ಎಷ್ಟು ಜನರಿಗೆ ಇದು ಗೊತ್ತುಂಟು?

ಕೆಂಪು ಹರಡುವುದಕ್ಕೆ ಇನ್ನೊಂದು ಕಾರಣ. ನಮ್ಮ ಕಣ್ಣಿಗೆ ಬೆಳಕಿನ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ, ಬಣ್ಣದ ವ್ಯತ್ಯಾಸ ಅಷ್ಟು ತಿಳಿಯುವುದಿಲ್ಲ. ಅದಕ್ಕೆ ಜೆಪಿಜಿ ಬೆಳಕನ್ನು ಪ್ರತಿ ಪಿಕ್ಸೆಲ್‌ಗೂ ಇಟ್ಟುಕೊಂಡು, ಬಣ್ಣವನ್ನು ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗೆ ಒಂದೇ ಇಡುತ್ತದೆ. ಹೆಚ್ಚಿನ ಫೋಟೋಗೆ ಸರಿ. ಆದರೆ ಶುದ್ಧ ಕೆಂಪಿನ ಬೆಳಕು 255ರಲ್ಲಿ 76 ಮಾತ್ರ, ಉಳಿದದ್ದೆಲ್ಲ ಬಣ್ಣದ ಪಾಲು. ಕಪ್ಪಿನ ಪಕ್ಕದ ಕೆಂಪು ಗೆರೆಯ ಅಂಚು ಹೆಚ್ಚಾಗಿ ಬಣ್ಣದಿಂದಲೇ ನಿಂತಿರುತ್ತದೆ, ಆ ಬಣ್ಣವೇ ಮಸುಕಾದರೆ ಗೆರೆ ಹರಡುತ್ತದೆ. ಯಕ್ಷಗಾನದ ಬಣ್ಣಗಾರಿಕೆ ಅಂದರೆ ಕೆಂಪು ಕಪ್ಪಿನದ್ದೇ ಆಟ, ಅಲ್ವಾ? ಪಿಎನ್‌ಜಿಯನ್ನು ಗಿಂಪ್ ಎಂಬ ಫೋಟೋ ತಿದ್ದುವ ಸಾಫ್ಟ್‌ವೇರಿನಲ್ಲಿ ತೆರೆದು ಜೆಪಿಜಿ ಎಕ್ಸ್‌ಪೋರ್ಟ್ ಮಾಡುವಾಗ ಅಡ್ವಾನ್ಸ್ಡ್ ಆಯ್ಕೆಯಲ್ಲಿ ಸಬ್‌ಸ್ಯಾಂಪ್ಲಿಂಗ್ ಅಂತ ಉಂಟು. ಅಲ್ಲಿ 4:4:4 ಆರಿಸಿ, ಅಂದರೆ ಬಣ್ಣವನ್ನೂ ಪ್ರತಿ ಪಿಕ್ಸೆಲ್‌ಗೂ ಇಟ್ಟುಕೊಳ್ಳುತ್ತದೆ. ಕ್ವಾಲಿಟಿ 92ರ ಹತ್ತಿರ ಇಡಿ. ಫೈಲ್ ಸ್ವಲ್ಪ ದೊಡ್ಡದಾಗುತ್ತದೆ, ಆಗಲಿ.


ಸುರತ್ಕಲ್_ಕಡಲು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅವಳು ನಿನ್ನೆ ರಾತ್ರಿಯೇ ಪಾತ್ ಮಾಡಿದ ಫೈಲ್ ಕಳಿಸಿದಳು. ಇಂಕ್‌ಸ್ಕೇಪ್‌ನಲ್ಲಿ ತೆರೆದಾಗ ತಲೆಬರಹ ಸರಿಯಾಗಿ ಬಂತು, ಬಿಳಿ ಆಯತವೂ ಹಾಕಿದೆ. 4:4:4 ಇಟ್ಟು ಮತ್ತು ಇಡದೆ ಎರಡು ಜೆಪಿಜಿ ಮಾಡಿ ಪಕ್ಕ ಪಕ್ಕ ಇಟ್ಟು ನೋಡಿದೆ, ಕಣ್ಣಿನ ಸುತ್ತಲಿನ ಕೆಂಪಿನಲ್ಲಿ ವ್ಯತ್ಯಾಸ ಸ್ಪಷ್ಟ ಉಂಟು.

ಈಗ ಎರಡು ಹೊಸ ತೊಂದರೆ. ಒಂದು, ಹಿಂದೆ ಚಂದ್ರನ ಫೋಟೋ ಇತ್ತು, ಅದರ ಜಾಗದಲ್ಲಿ ಖಾಲಿ ಚೌಕ, ಒಳಗೆ ಕೆಂಪು ಗುರುತು. ಎರಡು, ಫ್ಲೆಕ್ಸ್ 6 ಅಡಿ ಅಗಲ 9 ಅಡಿ ಎತ್ತರ. ಅದಕ್ಕೂ 300 ಡಿಪಿಐ ಕೊಟ್ಟೆ, ಲ್ಯಾಪ್‌ಟಾಪ್ ಹ್ಯಾಂಗ್ ಆಯಿತು. ಅದೇ ಚಿತ್ರವನ್ನು ಕರಪತ್ರಕ್ಕೂ ಹಾಕಬೇಕು, ಅದು ಆಫ್‌ಸೆಟ್. ಒಂದೇ ಜೆಪಿಜಿ ಎಲ್ಲದಕ್ಕೂ ಸಾಕಾ?


ಮಣಿಪಾಲ_ಮಳೆ:

ಚಂದ್ರನ ಫೋಟೋವನ್ನು ಅವಳು ಲಿಂಕ್ ಮಾಡಿ ಇಟ್ಟಿದ್ದಾಳೆ. ಫೈಲಿನಲ್ಲಿ ಅವಳ ಲ್ಯಾಪ್‌ಟಾಪ್‌ನ ಫೋಲ್ಡರ್ ಹೆಸರು ಮಾತ್ರ ಉಂಟು, ಫೋಟೋ ಇಲ್ಲ. ಫೋಟೋ ತರಿಸಿ, ಆ ಚೌಕದ ಮೇಲೆ ಹಾಕಿ, ಇಂಪೋರ್ಟ್ ಮಾಡುವಾಗ ಲಿಂಕ್ ಬದಲು ಎಂಬೆಡ್ ಆರಿಸಿ. ಒಂದು ಮಾತು, ಒಳಗೆ ಇಟ್ಟ ಫೋಟೋ ಫೋಟೋವೇ. ಸುತ್ತಲಿನ ಗೆರೆಗಳ ಹಾಗೆ ಬೇಕಾದಷ್ಟು ಹಿಗ್ಗುವುದಿಲ್ಲ. ಅವಳ ಹತ್ತಿರ ದೊಡ್ಡದು ಇದ್ದರೆ ಅದನ್ನೇ ಕೇಳಿ. ವಾಟ್ಸಾಪ್‌ನಲ್ಲಾದರೆ ಡಾಕ್ಯುಮೆಂಟ್ ಆಗಿ ಕಳಿಸಲಿಕ್ಕೆ ಹೇಳಿ, ಫೋಟೋ ಆಗಿ ಕಳಿಸಿದರೆ ಅದು ಮತ್ತೆ ಒತ್ತಿ ಸಣ್ಣದು ಮಾಡುತ್ತದೆ.


ಹಳೆಪ್ರೆಸ್:

ತಮ್ಮಾ, ಒಂದೇ ಜೆಪಿಜಿ ಎಲ್ಲದಕ್ಕೂ ಸಾಲುವುದಿಲ್ಲ. ನಾನು ಮಂಗಳೂರಿನಲ್ಲಿ ಆಫ್‌ಸೆಟ್ ಪ್ರೆಸ್‌ನಲ್ಲಿ ಬಹಳ ವರ್ಷ ಕೆಲಸ ಮಾಡಿದವನು. ಅಳತೆ ಗೊತ್ತಾಗದೆ ಚಿತ್ರ ತಯಾರು ಮಾಡಬಾರದು ಅಂತ ನಮಗೆ ಮೊದಲ ದಿನವೇ ಹೇಳಿಕೊಡುತ್ತಿದ್ದರು.

ಫ್ಲೆಕ್ಸ್‌ನ ಲೆಕ್ಕ ಹೇಳುತ್ತೇನೆ. 6 ಅಡಿ ಅಂದರೆ 72 ಇಂಚು, 9 ಅಡಿ ಅಂದರೆ 108. ಇಂಚಿಗೆ 72 ಪಿಕ್ಸೆಲ್ ಹಿಡಿದರೆ 5184 × 7776, ಅಂದರೆ ಹತ್ತಿರ ಹತ್ತಿರ ನಾಲ್ಕು ಕೋಟಿ ಪಿಕ್ಸೆಲ್. ನೀನು 300 ಕೊಟ್ಟದ್ದಕ್ಕೆ 70 ಕೋಟಿ ಆಯಿತು, ಲ್ಯಾಪ್‌ಟಾಪ್ ನಿಲ್ಲದೆ ಎಂತ ಮಾಡುತ್ತದೆ. ರಸ್ತೆ ಬದಿಯ ಫ್ಲೆಕ್ಸನ್ನು ಜನ 20 ಅಡಿ ದೂರದಿಂದ ನೋಡುತ್ತಾರೆ. ಆ ದೂರಕ್ಕೆ ಇಂಚಿಗೆ 15 ಚುಕ್ಕಿಗಿಂತ ಜಾಸ್ತಿ ಇದ್ದರೂ ಕಣ್ಣಿಗೆ ಬೇರೆ ಬೇರೆಯಾಗಿ ಕಾಣುವುದು ಕಷ್ಟ. 72 ಧಾರಾಳ ಸಾಕು.

ಅದಕ್ಕಿಂತ ಮುಖ್ಯ ಇನ್ನೊಂದು ಉಂಟು, ಅದನ್ನು ಯಾರೂ ಹೇಳಲಿಲ್ಲ. ನಿನ್ನ ಚಿತ್ರ ಎ4. ಎ4ನ ಅಗಲ 6 ಅಡಿ ಮಾಡಿದರೆ ಎತ್ತರ ಸುಮಾರು ಎಂಟೂವರೆ ಅಡಿ ಆಗುತ್ತದೆ, 9 ಆಗುವುದಿಲ್ಲ. ಉಳಿದ ಅರ್ಧ ಅಡಿಯನ್ನು ನೀನು ತುಂಬಿಸದಿದ್ದರೆ ಅಂಗಡಿಯಲ್ಲಿ ಮೇಲೆ ಕೆಳಗೆ ಎಳೆದು ತುಂಬಿಸುತ್ತಾರೆ, ಮುಖ ಉದ್ದ ಆಗುತ್ತದೆ. ಬಣ್ಣದ ವೇಷದ ಮುಖ ಅಷ್ಟು ಅಗಲಕ್ಕೆ ಬರೆದದ್ದು ಸುಮ್ನೆ ಅಲ್ಲ, ಅದು ಉದ್ದ ಆದರೆ ವೇಷವೇ ಬೇರೆ ಆಗುತ್ತದೆ. ಆದ್ದರಿಂದ ಇಂಕ್‌ಸ್ಕೇಪ್‌ನಲ್ಲೇ ಪೇಜಿನ ಅಳತೆಯನ್ನು 2ಕ್ಕೆ 3ರ ಲೆಕ್ಕಕ್ಕೆ ತಂದು, ಆಯತವನ್ನು ಹಿಗ್ಗಿಸಿ, ಮುಖ ಇದ್ದ ಹಾಗೆಯೇ ಇಟ್ಟು, ಬೇಕಾದರೆ ಕೆಳಗೆ ಪ್ರಾಯೋಜಕರ ಸಾಲಿಗೆ ಜಾಗ ಮಾಡಿ, ಆಮೇಲೆ ಅಗಲ 5184 ಅಂತ ಕೊಟ್ಟು ತೆಗೆ.

ಕರಪತ್ರಕ್ಕೆ ಜೆಪಿಜಿ ಬೇಡ, ಪಿಡಿಎಫ್ ಕೊಡು. ಗೆರೆ ಗೆರೆಯಾಗಿಯೇ ಪ್ಲೇಟಿನವರೆಗೆ ಹೋಗುತ್ತದೆ. ಜೆಪಿಜಿಯೇ ಬೇಕು ಅಂದರೆ 300 ಡಿಪಿಐ. ಆ 300 ಎಲ್ಲಿಂದ ಬಂತು ಅಂತ ಹುಡುಗರಿಗೆ ಗೊತ್ತಿಲ್ಲ. ಆರ್ಟ್ ಪೇಪರಿನಲ್ಲಿ ಚಿತ್ರವನ್ನು ಸಣ್ಣ ಚುಕ್ಕಿಗಳ ಸಾಲಾಗಿ ಒಡೆಯಲಿಕ್ಕೆ ಇಂಚಿಗೆ 150 ಸಾಲಿನ ಸ್ಕ್ರೀನ್ ಹಾಕುತ್ತಿದ್ದೆವು, ಸಾಲಿಗೆ ಎರಡು ಪಿಕ್ಸೆಲ್ ಅಂತ ಹಿಡಿದು 300. ಇನ್ನೊಂದು, ಎಸ್‌ವಿಜಿಯ ಬಣ್ಣ ಪರದೆಯ ಬಣ್ಣ. ಪ್ರೆಸ್‌ನಲ್ಲಿ ನಾಲ್ಕು ಶಾಯಿ. ನಮ್ಮ ಕೆಂಪು ಅಂದರೆ ಮೆಜೆಂಟಾ 100, ಹಳದಿ 100, ಮೊಬೈಲ್‌ನಷ್ಟು ಹೊಳೆಯುವುದಿಲ್ಲ. ಸಣ್ಣ ಕಪ್ಪು ಅಕ್ಷರ ನಾಲ್ಕು ಶಾಯಿಯಲ್ಲಿ ಒಡೆದು ಹೋದರೆ ಕೂದಲೆಳೆಯಷ್ಟು ಪ್ಲೇಟ್ ಸರಿದರೂ ನೆರಳು ಬಿದ್ದ ಹಾಗೆ ಕಾಣುತ್ತದೆ, ಕನ್ನಡದ ಒತ್ತು ಮತ್ತು ಸುಳಿ ಮುಚ್ಚಿ ಹೋಗುತ್ತದೆ. ಅಕ್ಷರ ಬರೀ ಕಪ್ಪು ಶಾಯಿಯಲ್ಲಿ ಬರಲಿ ಅಂತ ಪ್ರೆಸ್‌ನವರಿಗೆ ಬಾಯಿ ಬಿಟ್ಟು ಹೇಳು.

ನಮ್ಮ ಮಂಗಳೂರಿನಲ್ಲಿ 1843ರಲ್ಲಿ ಬಾಸೆಲ್ ಮಿಶನ್ನಿನ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಪತ್ರಿಕೆ ತೆಗೆದದ್ದು ಕಲ್ಲಚ್ಚಿನಲ್ಲಿ. ಕಲ್ಲಿನ ಮೇಲೆ ಎಷ್ಟು ದೊಡ್ಡದು ಬರೆದರೋ ಕಾಗದದಲ್ಲಿ ಅಷ್ಟೇ ದೊಡ್ಡದು, ಹಿಗ್ಗಿಸುವ ಮಾತೇ ಇಲ್ಲ. ಕಾಗದ ನೋಡಿ, ಅಳತೆ ಹಿಡಿದು, ಆಮೇಲೆ ಕಲ್ಲಿಗೆ ಕೈ ಹಾಕಬೇಕು. ಪಿಕ್ಸೆಲ್ ಮಾಡುವುದೂ ಅದೇ ಕೆಲಸ ತಮ್ಮಾ. ಎಸ್‌ವಿಜಿಗೆ ಅಳತೆಯ ಹಂಗಿಲ್ಲ, ಜೆಪಿಜಿ ಮಾಡಿದ ಮೇಲೆ ಅದು ಕಲ್ಲು.


ತೆಂಕಪೇಟೆ_ಮೇಷ್ಟ್ರು:

ಮಧ್ಯದಲ್ಲಿ ನನ್ನದೊಂದು ಪ್ರಶ್ನೆ. ವಿಜ್ಞಾನದ ಪಾಠಕ್ಕೆ ಮಾಡಿದ ಸುಮಾರು 40 ರೇಖಾಚಿತ್ರ ನನ್ನ ಹತ್ತಿರ ಇದೇ ಎಸ್‌ವಿಜಿಝಡ್‌ನಲ್ಲಿ ಉಂಟು. ಮಕ್ಕಳ ವಾಟ್ಸಾಪ್ ಗ್ರೂಪಿಗೆ ಹಾಕಬೇಕು. ಒಂದೊಂದೇ ತೆರೆದು ಮಾಡುವುದಾ?


ಕದ್ರಿಗುಡ್ಡೆ:

ಬೇಡ ಸಾರ್. ಇಮೇಜ್‌ಮ್ಯಾಜಿಕ್ ಅಂತ ಆಜ್ಞೆ ಬರೆದು ಚಿತ್ರ ಬದಲಿಸುವ ಸಾಫ್ಟ್‌ವೇರ್ ಉಂಟು, ಅದರಲ್ಲಿ ಒಂದೇ ಆಜ್ಞೆಗೆ ಇಡೀ ಫೋಲ್ಡರ್ ಮಾಡಬಹುದು. ಒಂದು ಎಚ್ಚರ ಮಾತ್ರ: ಡೆನ್ಸಿಟಿಯನ್ನು, ಅಂದರೆ ಡಿಪಿಐಯನ್ನು, ಫೈಲಿನ ಹೆಸರಿಗಿಂತ ಮೊದಲು ಬರೆಯಬೇಕು. ಆಮೇಲೆ ಬರೆದರೆ 96ರಲ್ಲೇ ಪಿಕ್ಸೆಲ್ ಆಗಿ ಮುಗಿದಿರುತ್ತದೆ. ಹಿನ್ನೆಲೆ ಬಿಳಿ ಅಂತ ಹೇಳಿ, ಚಪ್ಪಟೆ ಮಾಡುವ ಆಯ್ಕೆಯನ್ನೂ ಕೊಡಿ. ಕ್ವಾಲಿಟಿ 90 ಅಥವಾ ಜಾಸ್ತಿ ಇಟ್ಟರೆ ಅದು ಬಣ್ಣವನ್ನು ಕಮ್ಮಿ ಮಾಡುವುದಿಲ್ಲ, ಮೇಲೆ ಹೇಳಿದ 4:4:4 ತಾನಾಗಿಯೇ ಬರುತ್ತದೆ. ಚಿತ್ರದಲ್ಲಿ ಕನ್ನಡ ಅಕ್ಷರ ಇದ್ದರೆ ಮಾತ್ರ ಒಂದನ್ನು ಮೊದಲು ಮಾಡಿ ಒತ್ತಕ್ಷರ ನೋಡಿಕೊಳ್ಳಿ, ಕೆಲವು ಕಂಪ್ಯೂಟರಿನಲ್ಲಿ ಅದು ಒತ್ತನ್ನು ಕಟ್ಟುವುದಿಲ್ಲ. ಹಾಗಾದರೆ ಇಂಕ್‌ಸ್ಕೇಪ್‌ನಲ್ಲಿಯೇ ಒಟ್ಟಿಗೆ ಎಕ್ಸ್‌ಪೋರ್ಟ್ ಮಾಡಿ.

ಅದರಲ್ಲೂ ನಿಮ್ಮದು ರೇಖಾಚಿತ್ರ. ಬರೀ ಗೆರೆ, ಎರಡು ಮೂರು ಬಣ್ಣ ಆದರೆ ಪಿಎನ್‌ಜಿಯೇ ಒಳ್ಳೆಯದು. ನಷ್ಟ ಇಲ್ಲ, ಎಷ್ಟೋ ಸಲ ಜೆಪಿಜಿಗಿಂತ ಸಣ್ಣದೂ ಆಗುತ್ತದೆ. ಗ್ರೂಪಿಗೆ ಡಾಕ್ಯುಮೆಂಟ್ ಆಗಿ ಹಾಕಿ.


ಸುರತ್ಕಲ್_ಕಡಲು:

ಎಲ್ಲ ಆಯಿತು! ಪೇಜನ್ನು 2ಕ್ಕೆ 3 ಮಾಡಿದೆ, ಕೆಳಗೆ ಪ್ರಾಯೋಜಕರ ಹೆಸರು ಹಾಕಿದೆ, ಚಂದ್ರ ಒಳಗೆ ಬಂದ. ಫ್ಲೆಕ್ಸ್‌ಗೆ ಒಂದು ಜೆಪಿಜಿ, ಮೊಬೈಲ್‌ಗೆ 1080 ಪಿಕ್ಸೆಲ್ ಅಗಲದ ಇನ್ನೊಂದು, ಕರಪತ್ರಕ್ಕೆ ಪಿಡಿಎಫ್. ಮೂರನ್ನೂ ಮೂಲದಿಂದಲೇ ಬೇರೆ ಬೇರೆಯಾಗಿ ತೆಗೆದೆ.

ಅಂಗಡಿಗೆ ಹೊರಡುವ ಹೊತ್ತಿಗೆ ಭಾಗವತರು ನೋಡಿ, ಆಟ ಶುರುವಾಗುವುದು 9.30ಕ್ಕೆ, ಇದರಲ್ಲಿ 8.30 ಉಂಟು ಅಂದರು. ಪಾತ್ ಮಾಡಿದ ಫೈಲಿನಲ್ಲಿ ತಿದ್ದಲಿಕ್ಕೆ ಆಗಲಿಲ್ಲ. ಮಣಿಪಾಲ_ಮಳೆಯವರು ಹೇಳಿದ್ದು ನೆನಪಾಗಿ, ಅವಳು ಮೊದಲು ಕಳಿಸಿದ ಎಸ್‌ವಿಜಿಝಡ್ ತೆರೆದು ಆ ಸಾಲನ್ನು ಮಾತ್ರ ತಿದ್ದಿ, ಪಾತ್ ಮಾಡಿ ತಂದು ಕೂರಿಸಿದೆ. ಕಾಲು ಗಂಟೆಯಲ್ಲಿ ಮೂರೂ ಹೊಸತಾಗಿ ಬಂತು.

ಇವತ್ತು ಬೆಳಿಗ್ಗೆ ಫ್ಲೆಕ್ಸ್ ಕಟ್ಟಿದೆವು. ರಸ್ತೆಯ ಆಚೆ ಬದಿಯಿಂದಲೂ ಚುಟ್ಟಿಯ ಮುಳ್ಳು ಒಂದೊಂದಾಗಿ ಕಾಣುತ್ತದೆ. ಫೋಟೋ ತೆಗೆದು ಅವಳಿಗೆ ಕಳಿಸಿದ್ದೇನೆ. ನೀವೆಲ್ಲರೂ ಆಟಕ್ಕೆ ಬನ್ನಿ, ಚೌಕಿಯ ಹತ್ತಿರ ಬಂದು ಪೋಸ್ಟರಿನವ ಎಲ್ಲಿ ಅಂತ ಕೇಳಿ.